ಜುಮ್ಮೆನ್ನುವ ನೀರು

ಬೇಡಕಿಹಾಳ
೧೨ ಜೂನ್ ೨೦೨೪

ಪ್ರೀತಿಯ ಸಾವಕ್ಕಾ,

ನಿನ್ನ ಲಕ್ಷ್ಮಿಬಾಯಿಯ ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುಗಳಖೋಡದಲ್ಲಿ ಕೂತು ನನ್ನನ್ನು ಎಷ್ಟು ಬೈದಿರುತ್ತೀ ಎಂದು ಬಲ್ಲೆ. ಕೈ ಸರಿಯಾಗಿಯೇ ಇದೆ, ಮನಸ್ಸು ನಿಲ್ಲುತ್ತಿರಲಿಲ್ಲ. ನಿನ್ನ ಕಿವಿ ಮಂದವಾದಾಗಿನಿಂದ ಫೋನಿನಲ್ಲಿ ಕೂಗಬೇಕು. ಇದು ಕೂಗಿ ಹೇಳುವ ಸುದ್ದಿಯಲ್ಲ.

ನಮ್ಮ ಹೊಲದಲ್ಲಿ ಮಗ ಶ್ರೇಣಿಕ ಈಜುವ ಹೊಂಡ ತೋಡಿಸಿದ್ದನ್ನು ಹಿಂದೆಯೇ ಬರೆದಿದ್ದೆ. ಕಬ್ಬಿನ ಪಕ್ಕದಲ್ಲೇ ಇದೆ. ನೀರಿಗೆ ಪುಡಿಗಿಡಿ ಏನೂ ಹಾಕುವುದಿಲ್ಲ. ಬದಿಯಲ್ಲಿ ಜೊಂಡು ನೆಟ್ಟ ಸಣ್ಣ ಗುಂಡಿಯಿದೆ. ಹೊಂಡದ ತಳದಲ್ಲಿರುವ ಮೋಟಾರು ನೀರನ್ನು ಅಲ್ಲಿಗೆ ಎತ್ತಿ ಬಿಡುತ್ತದೆ, ಅದು ಬೇರುಗಳ ನಡುವೆ ಸೋಸಿ ತಿಳಿಯಾಗಿ ಮರಳುತ್ತದೆ. ತವರೂರು ಬೋರಗಾಂವದ ಬಾವಿಯಲ್ಲಿ ನೀನು ನನ್ನ ಬೆನ್ನಿಗೆ ಬೆಂಡು ಕಟ್ಟಿ ತಳ್ಳಿದ್ದು ನೆನಪಿದೆಯೇ? ಅಂದು ಕಲಿತ ಈಜನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮರೆತೇಬಿಟ್ಟಿದ್ದೆ. ಈಗ ಈ ವಯಸ್ಸಿನಲ್ಲಿ, ಹಳೆಯ ಸೀರೆಯನ್ನು ಕಚ್ಚೆ ಹಾಕಿಕೊಂಡು, ದಿನಾ ಬೆಳಗ್ಗೆ ಇಳಿಯುತ್ತಿದ್ದೆ. ಅಂಗಾತ ತೇಲಿದರೆ ಕಿವಿಗಳು ನೀರಿನೊಳಗೆ ಹೋಗುತ್ತವೆ, ಊರೆಲ್ಲ ದೂರವಾಗುತ್ತದೆ. ಕಬ್ಬಿನ ಸುಳಿಗಳು ಮೋಡ ಸವರಿದಂತೆ ಕಾಣುತ್ತವೆ. ಎದ್ದಿದ್ದೇನೋ ಇನ್ನೂ ನಿದ್ದೆಯಲ್ಲೇ ಇದ್ದೇನೋ ತಿಳಿಯುವುದಿಲ್ಲ.

ಈ ಬೇಸಿಗೆಯಲ್ಲಿ ಆ ನೀರಿಗೆ ಇನ್ನೊಂದು ಗುಣ ಬಂತು. ತೇಲುತ್ತಿದ್ದಾಗ ಒಮ್ಮೆಲೇ ತೋಳಿನ ಮೇಲೆ, ಕುತ್ತಿಗೆಯ ಹಿಂದೆ ಸಣ್ಣಗೆ ಜುಮ್ಮೆನ್ನುತ್ತಿತ್ತು. ನೋವಲ್ಲ. ಹುಲ್ಲಿನ ಗರಿಯಿಂದ ಯಾರೋ ಮೆಲ್ಲಗೆ ಸವರಿದ ಹಾಗೆ. ಶ್ರೇಣಿಕನಿಗೆ ಹೇಳಿದೆ. "ನೀರ ತಂಪೈತೆವ್ವಾ, ಮೈ ಜುಂ ಅಂದಿರ್ತೈತಿ" ಎಂದು ನಕ್ಕ. ನನಗೂ ಹಾಗೆಯೇ ಇರಬೇಕು ಅನ್ನಿಸಿತು. ಎಮ್ಮೆ ಮಾತ್ರ ಆ ದಂಡೆಗೆ ಹೋಗಿ, ಮೂಗು ಚಾಚಿ, ಬುಸುಗುಟ್ಟಿ ಹಿಂದೆ ಸರಿಯುತ್ತಿತ್ತು. ಎಮ್ಮೆಯ ಮಾತನ್ನು ಯಾರು ಕೇಳುತ್ತಾರೆ?

ಮೊಮ್ಮಗಳು ಕಾಜಲ ಸಂಜೆ ಹೊತ್ತು ಈಜು ಕಲಿಯುತ್ತಿದ್ದಳು. ಅವಳಿಗೆ ಹತ್ತಿ ಇಳಿಯಲು ಸಲೀಸಾಗಲೆಂದು ಶ್ರೇಣಿಕ ದಂಡೆಗೆ ಹೊಸದಾಗಿ ಕಬ್ಬಿಣದ ಏಣಿ ಹುಗಿಸಿದ. ಮರುದಿನ ಬೆಳಗ್ಗೆಯೇ ಹುಡುಗಿ "ಆಯೀ, ನಾನೂ ನಿನ್ನ ಕೂಡ ಬರ್ತೇನಿ" ಎಂದು ಬೆನ್ನು ಬಿದ್ದಳು. ಇಬ್ಬರೂ ಈಜಿದೆವು. ನಾನು ಕಲ್ಲಿನ ಮೆಟ್ಟಿಲಿನಿಂದ ಮೇಲೆ ಬಂದು ಕೂದಲು ಹಿಂಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೊಲದ ಕರೆಂಟು ಬಂತು, ಮೋಟಾರು ತಾನಾಗಿಯೇ ಗುಂಯ್ ಎಂದು ಶುರುವಾಯಿತು. ಕಾಜಲ ಏಣಿ ಹಿಡಿದಿದ್ದಳು.

"ಆಯೀ, ಕೈ ಬಿಡಾಕ ಬರವಲ್ದು!"

ಆ ದನಿ ಅವಳದಾಗಿರಲಿಲ್ಲ, ಸಾವಕ್ಕಾ. ಮುಖ ಬಿಳುಚಿ, ಬೆರಳುಗಳು ಕಬ್ಬಿಣಕ್ಕೆ ಬೆಸೆದಂತಾಗಿದ್ದವು. ಎಳೆದುಕೊಳ್ಳಲು ನಾನು ಓಡಿದೆ. ಒಂದು ಕಾಲು ನೀರಿನ ಅಂಚಿಗೆ ಬಂದಿತ್ತು. ಆಗ ದಾರಿಯಿಂದ ಸೊಸೆ ರೂಪಾಲಿ ಚೀರಿದಳು: "ಅತ್ತೀ, ಅಲ್ಲೇ ನಿಂದರ್ರಿ! ಆಕೀನ ಮುಟ್ಟಬ್ಯಾಡ್ರಿ!" ನನ್ನ ಜೀವನದಲ್ಲಿ ಆ ಹುಡುಗಿ ನನಗೆ ದನಿ ಎತ್ತಿದ್ದು ಅದೊಂದೇ ಸಲ. ಕೈಯಲ್ಲಿದ್ದ ಬುತ್ತಿ ಬಿಸಾಕಿ, ಮಗಳ ಕಡೆ ಬರದೆ, ಬೆನ್ನು ತಿರುಗಿಸಿ ಸ್ಟಾರ್ಟರ್ ಡಬ್ಬಿಯ ಕಡೆ ಓಡಿದಳು. ಸಾಯುತ್ತಿರುವ ಮಗಳಿಗೆ ಬೆನ್ನು ತಿರುಗಿಸಿ ಓಡುವುದಕ್ಕೆ ಎಂಥ ಎದೆ ಬೇಕು, ಹೇಳು. ಮೇನ್ ಇಳಿಸಿದ ಸದ್ದಾಯಿತು. ಕಾಜಲಳ ಕೈ ಸಡಿಲವಾಗಿ, ಹುಡುಗಿ ಹೂವಿನಂತೆ ನೀರಿಗೆ ಜಾರಿದಳು. ಆಗ ನಾನು ಧುಮುಕಿದೆ. ಎತ್ತಿ ದಂಡೆಗೆ ತಂದಾಗ ಉಸಿರಿತ್ತು.

ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಎದೆಬಡಿತ ನೋಡಲೆಂದು ಇಟ್ಟುಕೊಂಡು, ಮರುದಿನ ಮನೆಗೆ ಕಳಿಸಿದರು. ಅಂಗೈ ಮೇಲೆ ಸುಟ್ಟ ಗೆರೆ ಉಳಿದಿದೆ, ಅಷ್ಟೇ. ಈಗ ಅದನ್ನು ಗೆಳತಿಯರಿಗೆಲ್ಲ ತೋರಿಸಿ ಮೆರೆಯುತ್ತಾಳೆ.

ವೈರಿಂಗ್ ಕೆಲಸದ ಮಲಕಾರಿ ಬಂದು ಮೋಟಾರು ಮೇಲೆತ್ತಿಸಿದ. "ವೈರ ಕೂಡಿಸಿದ್ದ ಜಾಗಾನ ನೀರಾಗ ಬಿಟ್ಟಾರ್ರಿ. ಟೇಪ ನೆನದ ಬಿಚ್ಚೈತಿ, ಕರೆಂಟ ನೀರಿಗೆ ಸೋರಾಕತ್ತಿತ್ತು. ಅರ್ಥಿಂಗ್ ಇಲ್ಲ, ಸೋರಿದ್ರ ತಾನ ಬಂದ್ ಆಗೂ ಬ್ರೇಕರೂ ಇಲ್ಲ. ಏಣಿ ನೆಲದಾಗ ಹುಗದೈತಿ, ನೀರಾಗ ನಿಂತ ಅದನ್ನ ಹಿಡದ್ರ ಕರೆಂಟ ಮೈಯಾಗಿಂದ ಹರೀತೈತಿ" ಎಂದ. ಶ್ರೇಣಿಕ ತಲೆ ಹಿಡಿದು ಕೂತ. "ಹೊಂಡಾನ ಮುಚ್ಚಿಬಿಡ್ತೇನಿ" ಎಂದ. ರೂಪಾಲಿ ಒಪ್ಪಲಿಲ್ಲ. "ನೀರೇನ ಮಾಡೇತ್ರಿ? ಮೋಟಾರ ಹೊರಗ ತಗೀರಿ" ಎಂದಳು. ಈಗ ಮೋಟಾರು ದೂರದ ಒಣ ಕೋಣೆಯಲ್ಲಿದೆ. ಬ್ರೇಕರ್ ಕೂಡಿಸಿದ್ದಾರೆ, ಅರ್ಥಿಂಗ್ ಹುಗಿದಿದ್ದಾರೆ. ಮೋಟಾರು ನಡೆಯುವಾಗ ಯಾರೂ ನೀರಿಗೆ ಇಳಿಯುವಂತಿಲ್ಲ ಎಂಬುದು ರೂಪಾಲಿಯ ಕಟ್ಟಪ್ಪಣೆ. ಆ ಡಬ್ಬಿಯ ಚಾವಿ ಅವಳ ಸೊಂಟದಲ್ಲೇ ಇರುತ್ತದೆ. ಮುಗಳಖೋಡದಲ್ಲಿ ನಿನ್ನ ಮಗ ಭರತನೂ ಹೊಂಡಕ್ಕೆ ಮೋಟಾರು ಇಳಿಸಿದ್ದಾನೆಂದು ಬರೆದಿದ್ದೆಯಲ್ಲ, ಇದನ್ನು ಅವನಿಗೆ ಓದಿ ಹೇಳು. ನೀರು ಜುಮ್ಮೆಂದರೆ ತಂಪಿಗೆ ಎಂದುಕೊಳ್ಳಬಾರದು.

ನಿನ್ನ ಸೊಸೆ ಗಂಗಾಳಿಗೆ ಹೆರಿಗೆ ಸುಸೂತ್ರವಾಗಲಿ. ನಿನ್ನ ಮನೆ ಮಕ್ಕಳ ನಗುವಿನಿಂದ ತುಂಬಿರಲಿ. ಕಿವಿಗೆ ಔಷಧ ಹಾಕಿಕೊಳ್ಳಲು ಸೋಮಾರಿತನ ಮಾಡಬೇಡ.

ಎಂದೆಂದೂ ನಿನ್ನವಳೇ ಆದ
ಲಕ್ಷ್ಮಿಬಾಯಿ

ತಾ.ಕ.: ಮನೆಯಲ್ಲಿ ಯಾರಿಗೂ ಹೇಳದ್ದನ್ನು ನಿನಗೆ ಬರೆಯುತ್ತೇನೆ. ನಮ್ಮ ಯಜಮಾನರು ಭಾವುಸಾಹೇಬರು ತೀರಿಕೊಂಡ ಮೇಲೆ ನನ್ನ ಮೈದಡವಿದವರು ಯಾರೂ ಇಲ್ಲ, ಸಾವಕ್ಕಾ. ಕಾಲಿಗೆ ಬಿದ್ದು ನಮಸ್ಕಾರ ಮಾಡುತ್ತಾರೆ, ಅದು ಬೇರೆ. ನೀರಿನಲ್ಲಿ ಹಾಗೆ ಜುಮ್ಮೆಂದಾಗ ಇವರೇ ಬಂದರೆಂದು ನಂಬಿದ್ದೆ. ಹೊಲದ ಸುದ್ದಿ, ಮನೆಯ ಸುದ್ದಿ ಎಲ್ಲ ಹೇಳುತ್ತಿದ್ದೆ. ಬೇಸಿಗೆಯಿಡೀ ನನಗೆ ಜೊತೆಯಿತ್ತು. ಅದು ಕಾಜಲಳ ಕೈ ಕಚ್ಚಿ ಹಿಡಿದ ಗಳಿಗೆಯಲ್ಲಿ ಇವರಲ್ಲವೆಂದು ಗೊತ್ತಾಯಿತು. ಮೊಮ್ಮಗಳನ್ನು ಇವರು ಹಾಗೆ ಹಿಡಿಯುವವರಲ್ಲ. ಬ್ರೇಕರ್ ಕೂಡಿಸಿದ ದಿನ ಮನೆಯವರೆಲ್ಲ ನಿರಾಳರಾದರು. ನಾನು ಮೊನ್ನೆ ನೀರಿಗಿಳಿದು, ಅಂಗಾತ ತೇಲಿ, ಏನೋ ಹೇಳಲು ಬಾಯಿ ತೆರೆದೆ. ಯಾರಿಗೆ ಹೇಳಬೇಕೋ ತಿಳಿಯಲಿಲ್ಲ. ಗಂಗಾಳ ಹೆರಿಗೆ ಮುಗಿದ ಮೇಲೆ ಬಾ. ಮಾತು ಬೇಡ, ನಿನಗೆ ಹೇಗೂ ಕೇಳಿಸುವುದಿಲ್ಲ. ಸುಮ್ಮನೆ ನನ್ನ ಕೈ ಹಿಡಿದುಕೊಂಡು ಒಂದಿಷ್ಟು ಹೊತ್ತು ಕೂತಿರು.