ಅಂಚಿನವರೆಗೆ ತುಂಬಿದ ಲೋಟ

ಅಪ್ಪಾ,

ನೀವು ಹೋದಮೇಲೆ ನಿಮ್ಮ ಕುರ್ಚಿಯಲ್ಲಿ ನಾನೇ ಕೂರುತ್ತಿದ್ದೇನೆ. ಸೈನ್ಯ ಬಿಟ್ಟು ಬಂದವರು ಕೆಲಸ ಹುಡುಕಿಕೊಂಡು ಸಂದರ್ಶನಕ್ಕೆ ತಯಾರಾಗಲು ಈಗಲೂ ನಮ್ಮ ಕೋಣೆಗೇ ಬರುತ್ತಾರೆ. ಇವತ್ತು ಒಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಸಂದರ್ಶನದ ಅಭ್ಯಾಸಕ್ಕೆಂದು ಹೆಸರು ಕೇಳಿದ್ದೇ ತಡ, ಎದ್ದು ಸೆಟೆದು ನಿಂತುಬಿಟ್ಟರು.

“ಊಟಕ್ಕೆ ಕರೆದ್ರೂ ಹೀಗೇ ನಿಂತ್ಕೋತಾರೆ. ನಾನೇನು ಇವರ ಕರ್ನಲ್ಲಾ?” ಎಂದರು ಹೆಂಡತಿ.

ಕೂರಿ ಎಂದರೆ ಅದೂ ಆಜ್ಞೆಯೇ ಆಗುತ್ತದೆ ಎನ್ನುತ್ತಿದ್ದಿರಲ್ಲ, ಅದಕ್ಕೇ ನಿಮ್ಮಂತೆ ಚಹಾದ ಲೋಟವನ್ನು ಅಂಚಿನವರೆಗೆ ತುಂಬಿ ಅವರ ಕೈಗಿಟ್ಟೆ. ಚೆಲ್ಲಬಾರದೆಂದು ಮೆಲ್ಲಗೆ ತಾವಾಗಿಯೇ ಕೂತರು. ಎಂಥ ಉಪಾಯ ಅಪ್ಪಾ ನಿಮ್ಮದು!

“ಇದನ್ನ ಯಾರು ಹೇಳ್ಕೊಟ್ರು?” ಎಂದು ಆಕೆ ಕೇಳಿದರು.

“ನಮ್ಮಪ್ಪ. ಅವರೂ ಸೈನ್ಯದಲ್ಲಿದ್ದವರೇ.”

“ಅವರು ಸೈನ್ಯ ಬಿಟ್ಟು ಮನೆಗೆ ಬಂದಾಗ, ಅವರ ಕೈಗೆ ಯಾರು ಕೊಟ್ರು?”

ನಾವ್ಯಾರೂ ಕೊಟ್ಟಿರಲಿಲ್ಲ ಅಪ್ಪಾ. ನಾನೂ ಒಂದು ಲೋಟ ಅಂಚಿನವರೆಗೆ ತುಂಬಿಕೊಂಡು ಕೂತೆ.