ಶೇಂದಿ ಅಂಗಡಿಯ ಮೊದಲ ದಿನ

ಮಣ್ಣೂರ, ೨೨ ಫೆಬ್ರುವರಿ ೧೯೪೮, ರವಿವಾರ

ಇವತ್ತು ನನ್ನ ಶೇಂದಿ ಅಂಗಡಿ ಶುರುವಾಯಿತು. ಆದರೂ ನಿದ್ದೆ ಹತ್ತುತ್ತಿಲ್ಲ.

ಪದ್ಧತಿಯಂತೆ ಮೊದಲ ಗಡಿಗೆಯನ್ನು ಈಚಲು ಮರದ ಬುಡಕ್ಕೇ ಸುರಿದೆವು. ಮಧ್ಯಾಹ್ನ ಪರವೂರಿನ ನಾಲ್ವರು ಬಂದು, ಶೇಂದಿ ತೆಗೆದುಕೊಂಡು ಹಿಂದಿನ ಗೋಡೆಯ ನೆರಳಿಗೆ ಹೋದರು. ತಿರುಗಿ ಬಂದು, "ಭಾಳ ರುಚಿ ಅದರಿ. ಯಾವ ಗಿಡದ್ದರಿ?" ಎಂದರು. ಉಬ್ಬಿಹೋದೆ. ಹೊಳೆದಂಡೆಗೆ ಕರೆದೊಯ್ದು, ಇದು ಸಿಹಿ, ಇದು ಹುಳಿ, ಇದು ಕಡಕ್ ಎಂದು ಒಂದೊಂದು ಮರವನ್ನೂ ಮುಟ್ಟಿ ತೋರಿಸಿದೆ.

ಸಂಜೆ ಮರ ಏರುವ ಸೈದಪ್ಪ ಬಂದ. "ಶೇಂದಿ ತೆರಿಗಿ ನಿಜಾಮಗ ಹೋಗ್ತದಂತ ಗಡಿ ಕಡೆ ಚಳವಳಿ ಮಂದಿ ಈಚಲ ಗಿಡಾನೇ ಕಡ್ಯಾಕತ್ತಾರಂತ್ರಿ."

"ಕುಡಿಯೋರು ಕಡೀತಾರೇನಲೇ?" ಎಂದು ನಕ್ಕೆ.

ಅವನು ನಗಲಿಲ್ಲ. ನನ್ನನ್ನು ಗೋಡೆಯ ಹಿಂದಕ್ಕೆ ಕರೆದೊಯ್ದ. ಶೇಂದಿ ಚೆಲ್ಲಿ ನೆಲವೆಲ್ಲ ಹಸಿ, ನೊಣ ಮುತ್ತಿತ್ತು. ನಾಲ್ವರಲ್ಲಿ ಒಬ್ಬನೂ ಗುಟುಕು ಕುಡಿದಿರಲಿಲ್ಲ.