ಮನೆ ತೂಗಿಸುವುದು

ಅಪ್ಪಾ,

ಇವತ್ತು ಅಮ್ಮ ನಕ್ಕಳು! ನೀವಿದ್ದಿದ್ದರೆ ಕುರ್ಚಿಯಿಂದೆದ್ದು ಕುಣಿದುಬಿಡುತ್ತಿದ್ದಿರಿ.

ನೀವು ಅರ್ಧಕ್ಕೆ ಬಿಟ್ಟುಹೋದ ನಿಘಂಟಿನಲ್ಲಿ ಇಂಗ್ಲಿಷಿನ ‘ರನ್’ ಪದ ವಾರದಿಂದ ನನ್ನ ತಲೆ ತಿನ್ನುತ್ತಿತ್ತು. ನಿಮ್ಮ ಪದ್ಧತಿಯಂತೆ ಒಂದೊಂದು ಅರ್ಥವನ್ನೂ ಅಡುಗೆಮನೆಗೆ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ನಕ್ಕರೆ ಆ ಅರ್ಥ ಹೊರಗೆ, ಸುಮ್ಮನಿದ್ದರೆ ಒಳಗೆ. ಆದರೆ ನೀವು ಹೋದಮೇಲೆ ಅವಳು ನಗುವುದನ್ನೇ ಬಿಟ್ಟಿದ್ದಳಲ್ಲ, ಕಂಡಕಂಡ ಅರ್ಥಗಳೆಲ್ಲ ಒಳಗೆ ಬಂದು ಕೂತಿದ್ದವು!

ಮನುಷ್ಯ ಓಡುತ್ತಾನೆ, ನದಿ ಹರಿಯುತ್ತದೆ, ಮೂಗು ಸೋರುತ್ತದೆ. ಅಮ್ಮ ತುಟಿಪಿಟಿಕ್ಕೆನ್ನಲಿಲ್ಲ. ಆಮೇಲೆ ನೀವೇ ಬರೆದಿಟ್ಟಿದ್ದ “ಮನೆಯನ್ನು ನಿರ್ವಹಿಸು” ಓದಿದೆ ನೋಡಿ, ಸೌಟು ಹಿಡಿದೇ ಓಡಿಬಂದಳು. ಹೊಟ್ಟೆ ಹಿಡಿದುಕೊಂಡು ನಗು!

“ನಿರ್ವಹಿಸೋಕೆ ಮನೆ ಏನು ಆಫೀಸೇನೇ? ಇದ್ದಿದ್ರಲ್ಲೇ ಮನೆ ತೂಗಿಸ್ತಾರೆ ಕಣೇ! ಇದೊಂದನ್ನ ನಿಮ್ಮಪ್ಪ ನನಗೆ ಓದಿ ಹೇಳಲೇ ಇಲ್ಲ.”

ನಿಮ್ಮದನ್ನು ಹೊಡೆದುಹಾಕಿ ಅವಳದನ್ನು ಬರೆದೆ, ಅಪ್ಪಾ. ಗಟ್ಟಿಯಾಗಿ ಓದಿದೆ: “ಮನೆ ತೂಗಿಸು.”

ಅಮ್ಮ ನಗಲಿಲ್ಲ. ಬಾಗಿಲಿಗೆ ಒರಗಿ ನಿಂತು, “ಇನ್ನೊಂದ್ಸಲ ಓದೇ” ಅಂದಳು.